ಬೆಳಗಿನ ಗಲಗಲ ಸದ್ದು: ಟೈಮಿಂಗ್ ಚೈನ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಪೆಟ್ರೋಲ್ ಕಾರು 1,10,000 ಕಿ.ಮೀ. ಓಡಿದೆ. ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಎಂಜಿನ್ನಿನ ಒಂದು ಬದಿಯಿಂದ ಮೂರು ನಾಲ್ಕು ಸೆಕೆಂಡ್ ಗಲಗಲ ಸದ್ದು ಬಂದು ನಿಲ್ಲುತ್ತದೆ. ಈಚೆಗೆ ಎಂಜಿನ್ ದೀಪವೂ ಹೊತ್ತಿಕೊಂಡಿದ್ದು, ಸ್ಕ್ಯಾನರ್ ಪಿ 0016 ಎಂದು ತೋರಿಸುತ್ತಿದೆ. ಒಬ್ಬ ಮೆಕ್ಯಾನಿಕ್ ಸೆನ್ಸರ್ ಬದಲಿಸೋಣ ಎನ್ನುತ್ತಾರೆ, ಇನ್ನೊಬ್ಬರು ಚೈನ್ ಹೋಗಿದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ, ಏಕೆಂದರೆ ಇಬ್ಬರೂ ಅಳತೆ ಮಾಡದೆಯೇ ತೀರ್ಪು ಕೊಟ್ಟಿದ್ದಾರೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು; ಈ ಎರಡು ಶಾಫ್ಟ್‌ಗಳನ್ನು ಜೋಡಿಸುವುದೇ ಟೈಮಿಂಗ್ ಚೈನ್. ಈ ಎರಡರ ಸೆನ್ಸರ್‌ಗಳು ಕೊಡುವ ಸಂಕೇತಗಳ ನಡುವೆ ಇರಬೇಕಾದ ಹೊಂದಾಣಿಕೆ ತಪ್ಪಿದೆ ಎಂದಷ್ಟೇ ಪಿ 0016 ಹೇಳುತ್ತದೆ. ತಪ್ಪಿದ್ದು ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟಿರಬಹುದು, ವಾಲ್ವ್ ಟೈಮಿಂಗ್ ಬದಲಿಸುವ ಘಟಕಕ್ಕೆ ಎಣ್ಣೆ ಬಿಡುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ವಾಲ್ವ್) ಕೊಳೆಯಿಂದ ಕಚ್ಚಿಕೊಂಡಿರಬಹುದು, ಎಣ್ಣೆಯೇ ಕಡಿಮೆಯಿರಬಹುದು, ಚೈನ್ ಸವೆದು ಲೂಸ್ ಆಗಿರಬಹುದು.

ಆದರೆ ಇದೇ ಕೋಡ್‌ನ ಜೊತೆಗೆ ತಣ್ಣಗಿನ ಎಂಜಿನ್ನಿನಲ್ಲಿ ಸದ್ದೂ ಇದೆ ಎಂದಾಗ ನನ್ನ ಅನುಮಾನ ಚೈನಿನ ಕಡೆಗೇ ವಾಲುತ್ತದೆ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬಹುತೇಕ ಎಂಜಿನ್‌ಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಆ ಎಣ್ಣೆ ಕೆಳಗಿಳಿದುಹೋಗಿದ್ದರೆ, ಒತ್ತಡ ಮತ್ತೆ ಏರುವವರೆಗೆ ಒಳಗಿನ ಸ್ಪ್ರಿಂಗ್ ಒಂದೇ ಚೈನನ್ನು ತಡೆಯಬೇಕಾಗುತ್ತದೆ; ಚೈನ್ ಈಗಾಗಲೇ ಉದ್ದವಾಗಿದ್ದರೆ ಅದು ತನಗೆ ದಾರಿ ತೋರುವ ಪಟ್ಟಿಗಳಾದ ಗೈಡ್‌ಗಳಿಗೆ ಬಡಿಯತೊಡಗುತ್ತದೆ. ಎಣ್ಣೆಯನ್ನು ಹಿಂದಕ್ಕೆ ಇಳಿಯಗೊಡದ ವಾಲ್ವ್ ಸರಿಯಿಲ್ಲದ ಅಗ್ಗದ ಆಯಿಲ್ ಫಿಲ್ಟರ್ ಕೂಡ ಇದೇ ಸದ್ದನ್ನು ಹುಟ್ಟಿಸಬಲ್ಲದು. ಹಾಗಿರುವಾಗ ಎಂಜಿನ್ ಬಿಚ್ಚುವ ಮೊದಲು ಫಿಲ್ಟರನ್ನೂ ಎಣ್ಣೆಯನ್ನೂ ಬದಲಿಸಿ ನೋಡುವುದು ವಿವೇಕ.

ಚೈನ್ ‘ಹಿಗ್ಗಿದೆ’ ಎಂಬುದು ಗ್ಯಾರೇಜಿನ ಮಾತು. ನಿಜದಲ್ಲಿ ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ, ಕೊಂಡಿಗಳ ಕೀಲುಗಳಲ್ಲಿ ಪಿನ್ ಸವೆಯುತ್ತದೆ. 150 ಕೊಂಡಿಗಳ ಚೈನಿನಲ್ಲಿ ಪ್ರತಿ ಕೀಲೂ 0.02 ಮಿ.ಮೀ.ನಷ್ಟು ಸವೆದರೂ ಒಟ್ಟು ಉದ್ದ 3 ಮಿ.ಮೀ. ಹೆಚ್ಚುತ್ತದೆ. ತಡವಾಗಿ ಬದಲಿಸಿದ ಎಣ್ಣೆ, ಅದರಲ್ಲಿ ಬೆರೆತ ಮಸಿ, ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಸಣ್ಣ ಓಡಾಟಗಳಲ್ಲಿ ಎಣ್ಣೆಗೆ ಸೇರುವ ಪೆಟ್ರೋಲ್, ಇವೆಲ್ಲ ಈ ಸವೆತವನ್ನು ಬೇಗಗೊಳಿಸುತ್ತವೆ.

ಪರೀಕ್ಷೆ ಅಗ್ಗದ್ದರಿಂದ ಆರಂಭವಾಗಲಿ. ಎಣ್ಣೆಯ ಮಟ್ಟ ಮತ್ತು ದರ್ಜೆ ಕಾರಿನ ಕೈಪಿಡಿಯಲ್ಲಿ ಹೇಳಿದಂತಿವೆಯೇ ನೋಡಬೇಕು, ಬಳಿಕ ಸೊಲೆನಾಯ್ಡ್ ತೆಗೆದು ಪರೀಕ್ಷಿಸಬೇಕು. ವಿದ್ಯುತ್ ಸಂಕೇತಗಳನ್ನು ಗೆರೆಚಿತ್ರವಾಗಿ ತೋರಿಸುವ ಆಸಿಲೊಸ್ಕೋಪ್ ಇರುವ ಗ್ಯಾರೇಜಾದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಸಂಕೇತಗಳನ್ನು ಒಟ್ಟಿಗೆ ಹಿಡಿದು, ಅದೇ ಮಾದರಿಯ ಆರೋಗ್ಯವಂತ ಎಂಜಿನ್ನಿನ ಚಿತ್ರದೊಡನೆ ಹೋಲಿಸಬಹುದು. ಕ್ರ್ಯಾಂಕ್ ಸ್ಪ್ರಾಕೆಟ್‌ನಲ್ಲಿ (ಚೈನ್ ಕೂರುವ ಹಲ್ಲಿನ ಚಕ್ರದಲ್ಲಿ) 20 ಹಲ್ಲುಗಳಿದ್ದರೆ, ಚೈನ್ ಒಂದೇ ಹಲ್ಲು ಹಾರಿದರೂ ಕ್ರ್ಯಾಂಕ್‌ನ ಅಳತೆಯಲ್ಲಿ 18 ಡಿಗ್ರಿ ವ್ಯತ್ಯಾಸ ಬರುವುದರಿಂದ ಅದು ಕಣ್ಣಿಗೆ ಕಾಣದೆ ಇರುವುದಿಲ್ಲ. ಕೊನೆಯ ಸಾಕ್ಷಿ ಟೆನ್ಷನರ್‌ನದು. ಅದರ ದಂಡ ಮಿತಿಯವರೆಗೆ ಹೊರಚಾಚಿದ್ದರೆ ಚೈನ್ ಸವೆದಿದೆ ಎಂಬ ವಿಚಾರದಲ್ಲಿ ವಾದಕ್ಕೆ ಜಾಗವಿಲ್ಲ. ಪರೀಕ್ಷೆ ಮುಗಿಯುವವರೆಗೆ ದೂರ ಪ್ರಯಾಣ ಬೇಡ, ಎಂಜಿನ್ನನ್ನು ಹೆಚ್ಚು ವೇಗದಲ್ಲಿ ತಿರುಗಿಸುವುದೂ ಬೇಡ.

ಪ್ರಶ್ನೆ: ಓಡುತ್ತಿದ್ದ ಕಾರು ‘ಠಪ್’ ಎಂಬ ಸದ್ದಿನೊಂದಿಗೆ ನಿಂತಿತು. ಚೈನ್ ತುಂಡಾಗಿದೆ, ಹೊಸದು ಹಾಕಿದರೆ ಸಾಕು ಎಂದು ಗ್ಯಾರೇಜಿನವರು ಹೇಳಿದ್ದಾರೆ. ಅದಕ್ಕೂ ಮೊದಲು ನಾನು ಹತ್ತಾರು ಸಲ ಸೆಲ್ಫ್ ಹೊಡೆದಿದ್ದೆ. ತಪ್ಪಾಯಿತೇ?

ಉತ್ತರ: ತಪ್ಪೇ ಆಯಿತು, ಆದರೆ ಹೆಚ್ಚಿನ ಹಾನಿ ಬಹುಶಃ ಮೊದಲ ಕ್ಷಣದಲ್ಲೇ ಆಗಿರುತ್ತದೆ. ಇಂದಿನ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೇರುವ ಜಾಗಕ್ಕೇ ತೆರೆದ ವಾಲ್ವ್ ಇಳಿಯುತ್ತದೆ. ಎರಡೂ ಡಿಕ್ಕಿಯಾಗದಂತೆ ಕಾಯುವುದು ಚೈನ್ ಮಾತ್ರ. ಮಿನಿಟಿಗೆ 3000 ಸುತ್ತಿನ ವೇಗದಲ್ಲಿ ಕ್ರ್ಯಾಂಕ್ ಒಂದು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ ಎಂಬುದನ್ನು ನೆನೆದರೆ, ಚೈನ್ ಕಡಿದಾಗ ವಾಲ್ವ್‌ಗಳಿಗೆ ಬಿದ್ದ ಪೆಟ್ಟಿನ ಅಂದಾಜು ಸಿಗುತ್ತದೆ. ಸೆಲ್ಫ್ ಹೊಡೆದಾಗ ಎಂದಿನ ತಡೆಯಿಲ್ಲದೆ ಎಂಜಿನ್ ಸರ್ರನೆ ತಿರುಗಿದ್ದರೆ ಅದು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವುದು) ಇಲ್ಲವೆಂಬುದರ ಲಕ್ಷಣ.

‘ಹೊಸದು ಹಾಕಿದರೆ ಸಾಕು’ ಎಂಬುದನ್ನು ಒಪ್ಪಬೇಡಿ. ಸ್ಪಾರ್ಕ್ ಪ್ಲಗ್ ರಂಧ್ರದಿಂದ ಬೋರೊಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರಾಕಾರದ ಗುರುತುಗಳಿವೆಯೇ ನೋಡಲಿ. ಕ್ಯಾಮ್‌ಗಳನ್ನು ಸರಿಯಾದ ಸ್ಥಾನಕ್ಕೆ ತಂದು, ಪ್ರತಿ ಸಿಲಿಂಡರಿಗೂ ಗಾಳಿ ತುಂಬಿ ಅದು ಎಲ್ಲಿಂದ ಸೋರುತ್ತಿದೆ ಎಂದು ಕೇಳಿಸಿಕೊಳ್ಳಲಿ. ಇನ್‌ಟೇಕ್ ಅಥವಾ ಸೈಲೆನ್ಸರ್ ಕಡೆ ಗಾಳಿ ಬುಸುಗುಟ್ಟಿದರೆ ವಾಲ್ವ್ ಬಾಗಿರುವ ಸಾಧ್ಯತೆ ಬಲವಾಗಿದೆ, ಆಗ ಸಿಲಿಂಡರ್ ಹೆಡ್ ಇಳಿಸದೆ ಗತಿಯಿಲ್ಲ. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯಾದ ಆಯಿಲ್ ಸಂಪನ್ನೂ ಬಿಚ್ಚಿಸಿ. ಮುರಿದ ಪ್ಲಾಸ್ಟಿಕ್ ಗೈಡಿನ ಚೂರುಗಳು ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಿದ್ದರೆ ರಿಪೇರಿಯಾದ ಎಂಜಿನ್ ಎಣ್ಣೆ ಸಿಗದೆ ಮತ್ತೆ ಕೆಡುತ್ತದೆ.

ಪ್ರಶ್ನೆ: ಚೈನ್ ಒಂದನ್ನೇ ಬದಲಿಸಿ ಹಣ ಉಳಿಸಬಹುದೇ?

ಉತ್ತರ: ಬೇಡ. ಟೆನ್ಷನರ್, ಗೈಡ್, ಸ್ಪ್ರಾಕೆಟ್ ಎಲ್ಲವೂ ಚೈನಿನ ಜೊತೆಗೇ ಸವೆದಿರುತ್ತವೆ. ಖರ್ಚಿನ ದೊಡ್ಡ ಪಾಲು ಬಿಚ್ಚಿ ಜೋಡಿಸುವ ಕೂಲಿಯದ್ದಾದ್ದರಿಂದ ಈ ಉಳಿತಾಯ ಉಳಿಯುವುದೂ ಇಲ್ಲ.

ಪ್ರಶ್ನೆ: ನಾನೇ ಚೈನ್ ಜೋಡಿಸಿದೆ. ಗುರುತುಗಳೆಲ್ಲ ಸರಿಯಾಗಿ ಕೂತಿದ್ದವು. ಕೈಯಿಂದ ಎರಡು ಸುತ್ತು ತಿರುಗಿಸಿದ ಮೇಲೆ ಬಣ್ಣದ ಕೊಂಡಿಗಳು ಬೇರೆಲ್ಲೋ ಹೋಗಿವೆ. ಮತ್ತೆ ಬಿಚ್ಚಬೇಕೇ?

ಉತ್ತರ: ಸ್ಪ್ರಾಕೆಟ್‌ಗಳ ಮೇಲಿನ ಗುರುತುಗಳು ಎರಡು ಸುತ್ತಿನ ಬಳಿಕ ತಮ್ಮ ಸ್ಥಾನಕ್ಕೆ ಮರಳಿದ್ದರೆ ಬಿಚ್ಚಬೇಕಾಗಿಲ್ಲ. ಬಣ್ಣದ ಕೊಂಡಿಗಳು ಜೋಡಿಸುವಾಗಿನ ಅನುಕೂಲಕ್ಕಾಗಿ ಇರುವಂಥವು. ಚೈನಿನ ಕೊಂಡಿಗಳ ಸಂಖ್ಯೆ ಮತ್ತು ಹಲ್ಲುಗಳ ಸಂಖ್ಯೆ ಬೇರೆ ಬೇರೆಯಾಗಿರುವುದರಿಂದ ಅವು ಮತ್ತೆ ಗುರುತಿಗೆ ಬರಲು ಅನೇಕ ಸುತ್ತು ಬೇಕಾಗುತ್ತದೆ. ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ. ಮುಚ್ಚಳ ಹಾಕುವ ಮೊದಲು ಜೋಡಿಸುವಾಗ ಟೆನ್ಷನರ್‌ನ ದಂಡವನ್ನು ಒಳಗೆ ಹಿಡಿದಿಡುವ ಲಾಕ್ ಪಿನ್ ತೆಗೆದಿದ್ದೀರೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಅನುಭವಸ್ಥರೂ ಅದನ್ನು ಮರೆಯುತ್ತಾರೆ.