ಜಾನ್‌ಸ್ಟನ್ ಸಿಟಿಯ ಪೂಲ್ (ಕೋಲಿನಿಂದ ಚೆಂಡು ಹೊಡೆದು ಮೇಜಿನ ಕುಳಿಗಳಿಗೆ ಬೀಳಿಸುವ ಆಟ) ಪಂದ್ಯಾವಳಿ ನಿಂತುಹೋಗಿದ್ದು ಯಾಕೆ?

ಒಂದೇ ಮಾತಲ್ಲಿ ಹೇಳೋದಾದರೆ, ಪೊಲೀಸ್ ದಾಳಿಯಿಂದ. 1972ರಲ್ಲಿ ಅಮೆರಿಕದ ಫೆಡರಲ್ ಅಧಿಕಾರಿಗಳು ಜೂಜಿನ ಆರೋಪದ ಮೇಲೆ ಅಲ್ಲಿಗೆ ನುಗ್ಗಿದರು. ಅದೇ ಕೊನೆಯ ವರ್ಷ.

ಜಾನ್‌ಸ್ಟನ್ ಸಿಟಿ ಇಲಿನಾಯ್ ರಾಜ್ಯದ ದಕ್ಷಿಣದಲ್ಲಿರುವ ಕಲ್ಲಿದ್ದಲು ಗಣಿಗಳ ಪುಟ್ಟ ಊರು. ಜಾನ್ಸ್ಕೊ ಅಣ್ಣತಮ್ಮಂದಿರು 1961ರಲ್ಲಿ ಅಲ್ಲಿ ಈ ಪಂದ್ಯಾವಳಿಯನ್ನು ಶುರು ಮಾಡಿದರು. ಮೊದಲ ವರ್ಷ ಒನ್ ಪಾಕೆಟ್ ಆಟ ಮಾತ್ರ ಇತ್ತು. ಅದರಲ್ಲಿ ಒಬ್ಬೊಬ್ಬರಿಗೆ ಒಂದೇ ಕುಳಿ. ಎದುರಾಳಿಯ ಕುಳಿಗೆ ಚೆಂಡು ಬಿದ್ದರೆ ಲೆಕ್ಕ ಅವರಿಗೆ, ಉಳಿದ ಕುಳಿಗಳಿಗೆ ಬಿದ್ದರೆ ಲೆಕ್ಕಕ್ಕಿಲ್ಲ. ಆಮೇಲೆ ಪೂಲ್‌ನ ಇನ್ನೆರಡು ಬಗೆಗಳಾದ ನೈನ್ ಬಾಲ್, ಸ್ಟ್ರೈಟ್ ಪೂಲ್ ಸೇರಿದವು. ಲೂಥರ್ ಲ್ಯಾಸಿಟರ್ ಅವರಂಥ ದೊಡ್ಡ ಆಟಗಾರರು ಬರುತ್ತಿದ್ದರು. ಟಿವಿಯವರೂ ಬಂದರು.

ಆದರೆ ಆಟಗಾರರನ್ನು ಅಲ್ಲಿಗೆ ಸೆಳೆದದ್ದು ಬರೀ ಬಹುಮಾನ ಅಲ್ಲ. ಅಧಿಕೃತ ಪಂದ್ಯ ಮುಗಿದ ಮೇಲೆ ರಾತ್ರಿಯೆಲ್ಲ ಪಣ ಕಟ್ಟಿ ಆಡುತ್ತಿದ್ದರಲ್ಲ, ನಿಜವಾದ ದುಡ್ಡು ಅಲ್ಲೇ ಓಡಾಡುತ್ತಿತ್ತು. ಜನರನ್ನು ಕರೆತಂದದ್ದೂ ಅದೇ, ಪೊಲೀಸರನ್ನು ಕರೆತಂದದ್ದೂ ಅದೇ. ನನಗಂತೂ ಇದು ತುಂಬ ಬೇಸರದ ಸಂಗತಿ. ಊರೂರು ಅಲೆದು, ಹೊಗೆ ತುಂಬಿದ ಕೋಣೆಗಳಲ್ಲಿ ಹೆಸರಿಲ್ಲದೆ ಆಡುತ್ತಿದ್ದವರ ಕೈಚಳಕವನ್ನು ದೇಶವೇ ನೋಡಿದ್ದು ಈ ಊರಿನಿಂದಾಗಿ.