ಪುಣೆಯ ಮನೆಯಂಗಳದಿಂದ ಶನಿಗ್ರಹ ಕದಡಿದಂತೆ ಕಾಣುವುದೇಕೆ?

ಕೊಥ್ರೂಡಿನ ಕೈತೋಟದಿಂದ ಆರು ಇಂಚಿನ ದೂರದರ್ಶಕದಲ್ಲಿ ಶನಿ ಕದಡಿದಂತೆ ಕಾಣುತ್ತದೆ, ಹೆಚ್ಚು ವರ್ಧನದ ಐಪೀಸ್ (ಕಣ್ಣಿಟ್ಟು ನೋಡುವ ತುದಿಯ ಮಸೂರ) ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಳ್ಳಬೇಡಿ, ವರ್ಧಿಸಿದಷ್ಟೂ ಕದಡೇ ದೊಡ್ಡದಾಗುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಬಿಸಿ ಬಿಡುವಾಗ ಮೇಲೇಳುವ ಗಾಳಿ ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ಮನೆಯೊಳಗಿನಿಂದ ಆಗಷ್ಟೇ ತಂದ ಬೆಚ್ಚನೆಯ ಕನ್ನಡಿಯೂ ಕೊಳವೆಯೊಳಗೆ ಇದನ್ನೇ ಮಾಡುತ್ತದೆ. ಆದ್ದರಿಂದ ದೂರದರ್ಶಕವನ್ನು ಗಂಟೆ ಮೊದಲೇ ಹೊರಗಿಟ್ಟು, ಕಲ್ಲುಹಾಸಿನ ಬದಲು ಹುಲ್ಲಿನ ಮೇಲೆ ನಿಲ್ಲಿಸಿ, ಗ್ರಹ ಸಾಕಷ್ಟು ಮೇಲೇರಿದ ನಂತರ ನೋಡಿ. ದೂರದರ್ಶಕದ ಸಂಗಮದೂರ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಬಿಂದುವಿನವರೆಗಿನ ದೂರ) 1200 ಮಿ.ಮೀ. ಇದ್ದರೆ 10 ಮಿ.ಮೀ. ಸಂಗಮದೂರದ ಐಪೀಸ್ 120 ಪಟ್ಟು ವರ್ಧನ ಕೊಡುತ್ತದೆ, ಉಂಗುರಕ್ಕೆ ಅದು ಧಾರಾಳವಾಯಿತು. ಕಣ್ಣು ತೆಗೆಯದೆ ಕಾಯಿರಿ: ಗಾಳಿ ಕ್ಷಣಕಾಲ ನಿಂತಾಗ, 2025ರಲ್ಲಿ ನಮ್ಮತ್ತ ಅಂಚು ತಿರುಗಿಸಿದ್ದ ಉಂಗುರ ಮತ್ತೆ ತೆರೆದುಕೊಳ್ಳುತ್ತಿರುವುದರಿಂದ, 1675ರಲ್ಲಿ ಖಗೋಳಜ್ಞ ಕ್ಯಾಸಿನಿ ಗುರುತಿಸಿದ ಕಪ್ಪು ಸೀಳು ಮುಂದಿನ ವರ್ಷಗಳಲ್ಲಿ ಅದರ ಎರಡೂ ತುದಿಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಸಿಗುತ್ತದೆ.