ಬಾಕ್ಸ್ ಮಾಡೋದು ಸರಿ, ಗಾಳಿಗೆ ದಾರಿ ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಪೆಟ್ಟಿಗೆಗಳದ್ದೇ. ಸ್ಪೀಕರ್‌ಗೆ ಬಾಕ್ಸ್, ಸ್ಟಾರ್ಟರ್‌ಗೆ ಡಬ್ಬಿ, ಕೋಳಿಗೆ ಗೂಡು, ಕುರಿಗೆ ದೊಡ್ಡಿ. ಒಂದಕ್ಕೊಂದು ಸಂಬಂಧ ಇಲ್ಲ ಅನ್ನಿಸಬಹುದು. ಆದರೆ ಕೆಲಸ ಕೆಟ್ಟಿರುವುದು ಹೆಚ್ಚುಕಮ್ಮಿ ಒಂದೇ ಕಡೆ: ಗಾಳಿಯ ಲೆಕ್ಕ ಯಾರೂ ಹಾಕಿಲ್ಲ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಎಂಟು ಇಂಚಿನ ವೂಫರ್ ಜೋಡಿ ಕೊಂಡಿದ್ದೇನೆ. ಬಾಕ್ಸ್ ಅಳತೆ ಎಷ್ಟಿರಬೇಕು ಅಂತ ಬಡಗಿಯನ್ನು ಕೇಳಿದರೆ, "ಟೇಬಲ್ ಮೇಲೆ ಎಷ್ಟು ಜಾಗ ಇದೆ ಹೇಳಿ ಸಾರ್, ಅಷ್ಟಕ್ಕೆ ಮಾಡೋಣ" ಅನ್ನುತ್ತಾರೆ. ಹಾಗೆ ಮಾಡಿದರೆ ನಡೆಯುತ್ತದಾ?
- ಸರಸ್ವತಿಪುರಂ, ಮೈಸೂರು

ಉತ್ತರ: ನಡೆಯುವುದಿಲ್ಲ. ಬೀರು ಆದರೆ ಜಾಗ ನೋಡಿ ಮಾಡಬಹುದು, ಸ್ಪೀಕರ್ ಬಾಕ್ಸ್ ಹಾಗಲ್ಲ.

ಮೊದಲು ಬಾಕ್ಸ್ ಯಾಕೆ ಬೇಕು ಅಂತ ನೋಡಿ. ವೂಫರನ್ನು ಬರಿದೇ ಟೇಬಲ್ ಮೇಲಿಟ್ಟು ಹಾಡು ಹಾಕಿದರೆ ಬಾಸೇ ಬರುವುದಿಲ್ಲ, ಅಲ್ವಾ? ಕೋನ್, ಅಂದರೆ ಸ್ಪೀಕರಿನಲ್ಲಿ ಹಿಂದೆ ಮುಂದೆ ಅಲ್ಲಾಡುವ ಭಾಗ, ಮುಂದಕ್ಕೆ ಬಂದಾಗ ಮುಂದಿನ ಗಾಳಿಯನ್ನು ತಳ್ಳುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿಯನ್ನು ಎಳೆಯುತ್ತದೆ. ತಳ್ಳಿದ ಗಾಳಿ ಅಂಚು ಸುತ್ತಿಕೊಂಡು ಹಿಂದಕ್ಕೆ ಹೋಗಿಬಿಡುತ್ತದೆ. ಸ್ನಾನದ ಮನೆ ತೊಟ್ಟಿಯಲ್ಲಿ ತಟ್ಟೆ ಮುಳುಗಿಸಿ ನಿಧಾನಕ್ಕೆ ಅಲ್ಲಾಡಿಸಿ ನೋಡಿ, ನೀರು ಅಂಚಿನಿಂದ ನುಸುಳಿಕೊಳ್ಳುತ್ತದೆಯೇ ಹೊರತು ಅಲೆ ಏಳುವುದಿಲ್ಲ. ಮುಂದಿನ ಗಾಳಿಯನ್ನೂ ಹಿಂದಿನ ಗಾಳಿಯನ್ನೂ ಬೇರೆ ಮಾಡುವುದೇ ಬಾಕ್ಸಿನ ಕೆಲಸ.

ಬೇರೆ ಮಾಡಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ಸುಮ್ನೆ ಇರುವುದಿಲ್ಲ, ಸ್ಪ್ರಿಂಗ್ ಥರ ಕೆಲಸ ಮಾಡುತ್ತದೆ. ಬಾಕ್ಸ್ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ. ಆಗ ಕೆಳಗಿನ ಬಾಸ್ ಹೋಗಿ ಎದೆಗೆ ಗುದ್ದಿದ ಹಾಗೆ ಒಂದೇ "ಡಬ್ ಡಬ್" ಉಳಿಯುತ್ತದೆ. ನಾವು ಹುಡುಗರಾಗಿದ್ದಾಗ ಟೇಪ್ ರೆಕಾರ್ಡರ್‌ನ ಸ್ಪೀಕರ್ ಬಿಚ್ಚಿ ಮಡಕೆ ಬಾಯಿ ಮೇಲೆ ಬೋರಲು ಹಾಕುತ್ತಿದ್ದೆವು. ಏನು ಬಾಸು ಅಂತೀರಿ! ಆದರೆ ಯಾವ ಹಾಡು ಹಾಕಿದರೂ ಬಾಸ್ ಮಾತ್ರ ಅದೇ ಒಂದು ಸ್ವರ, ಮಡಕೆಯ ಸ್ವರ.

ಈ ಸ್ಪ್ರಿಂಗಿನ ಲೆಕ್ಕವನ್ನು ಕೈಗೆ ಸಿಗುವ ಹಾಗೆ ಮಾಡಿಕೊಟ್ಟವರು ಇಬ್ಬರು: 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್. ವೂಫರ್ ಜೊತೆ ಬರುವ ಚೀಟಿಯಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಮೂರು ಸಂಖ್ಯೆ ಇರುತ್ತವೆ. ಎಫ್‌ಎಸ್ ಅಂದರೆ ಕೋನ್ ತಾನಾಗಿ ನಡುಗುವ ಸ್ವರ, ಕ್ಯೂಟಿಎಸ್ ಅಂದರೆ ಆ ನಡುಕಕ್ಕೆ ಎಷ್ಟು ಕಡಿವಾಣ ಇದೆ ಅನ್ನುವುದು, ವಿಎಎಸ್ ಅಂದರೆ ಕೋನಿನ ಬಿಗಿಗೆ ಸಮನಾದ ಗಾಳಿಯ ಅಳತೆ. ಬಾಕ್ಸಿನ ಲೆಕ್ಕ ಹಾಕುವುದು ಇವುಗಳಿಂದಲೇ. ಹೆಚ್ಚಿನವರು ಅದನ್ನು ಪ್ಯಾಕಿಂಗ್ ಜೊತೆ ಎಸೆಯುತ್ತಾರೆ. ಎಸೆಯಬೇಡಿ. ಕ್ಯೂಟಿಎಸ್ 0.5ಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಮುಚ್ಚಿದ ಬಾಕ್ಸ್ ಮಾಡಿ, 0.4ಕ್ಕಿಂತ ಕಮ್ಮಿ ಇದ್ದರೆ, ಒಳಗಿನ ಗಾಳಿಯೂ ಬಾಸಿಗೆ ದನಿಗೂಡಿಸಲಿ ಅಂತ ಕೊಳವೆ ಇಟ್ಟ ಬಾಕ್ಸ್ ಒಪ್ಪುತ್ತದೆ. ನಡುವೆ ಇದ್ದರೆ ಎರಡೂ ಆಗುತ್ತದೆ. ನಾನಾದರೆ ಮುಚ್ಚಿದ್ದನ್ನೇ ಮಾಡುತ್ತೇನೆ, ತಪ್ಪಾದರೂ ಕಿವಿಗೆ ಅಷ್ಟು ಗೊತ್ತಾಗುವುದಿಲ್ಲ.

ನಿಮ್ಮ ಚೀಟಿ ನಾನು ನೋಡಿಲ್ಲ, ಒಂದು ಉದಾಹರಣೆ ಹೇಳುತ್ತೇನೆ. ಲೆಕ್ಕದಲ್ಲಿ 25 ಲೀಟರ್ ಬಂತು, ಕೊಳವೆಯನ್ನು 45 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 45 ಸಲ ನಡುಗುವ ಸ್ವರಕ್ಕೆ, ಕೂರಿಸಬೇಕು ಅಂತಿಟ್ಟುಕೊಳ್ಳಿ. ಬಾಕ್ಸಿನ ಒಳ ಅಳತೆ 25, 28, 40 ಸೆಂಟಿಮೀಟರ್ ಮಾಡಿ. ಗುಣಿಸಿದರೆ 28 ಲೀಟರ್. ಮ್ಯಾಗ್ನೆಟ್ಟು, ಕೊಳವೆ, ಒಳಗಿನ ಅಡ್ಡಪಟ್ಟಿ ಸೇರಿ ಸುಮಾರು 3 ಲೀಟರ್ ತಿನ್ನುತ್ತವೆ, 25 ಉಳಿಯಿತು. ಕೊಳವೆಗೆ ಪ್ಲಂಬಿಂಗಿನ 75 ಎಂ.ಎಂ. ಪಿವಿಸಿ ಪೈಪೇ ಸಾಕು, ಅದರ ಒಳ ಅಗಲ ಸುಮಾರು 7 ಸೆಂಟಿಮೀಟರ್. ಉದ್ದ ಹದಿನೇಳೂವರೆ ಸೆಂಟಿಮೀಟರ್ ಹತ್ತಿರ ಬರುತ್ತದೆ. ಮೊದಲೇ ಅಷ್ಟಕ್ಕೆ ಕತ್ತರಿಸದೆ ಇಪ್ಪತ್ತು ಇಟ್ಟು, ಕೇಳಿ ಕೇಳಿ ಅರ್ಧರ್ಧ ಸೆಂಟಿಮೀಟರ್ ತೆಗೆಯುತ್ತಾ ಬನ್ನಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸುವುದು ರಗಳೆ.

ಮರದ ವಿಷಯ. ಅಪ್ಪ ಇಟ್ಟ ಹಲಸಿನ ಹಲಗೆ ಇದೆ, ತೇಗ ಇದೆ ಅಂತ ಅದನ್ನು ಹಾಕಲು ಹೋಗಬೇಡಿ. ಗಟ್ಟಿ ಮರ ಮಳೆಗಾಲದಲ್ಲಿ ಊದುತ್ತದೆ, ಮಾರ್ಚ್‌ನಲ್ಲಿ ಕುಗ್ಗುತ್ತದೆ, ಕೀಲು ಬಿಡುತ್ತದೆ. 18 ಎಂ.ಎಂ. ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೆಗೆದುಕೊಳ್ಳಿ. ಎಂಡಿಎಫ್ ನೀಟಾಗಿ ಕತ್ತರಿಸಬಹುದು, ಭಾರವೂ ಇದೆ, ಆದರೆ ನೆಲ ಒರೆಸುವ ನೀರು ತಾಗಿದರೆ ರಸ್ಕ್ ಥರ ಉಬ್ಬುತ್ತದೆ. ಕೀಲಿಗೆ ಧಾರಾಳವಾಗಿ ಅಂಟು ಹಾಕಿ ಸ್ಕ್ರೂ ಮಾಡಿಸಿ, ಬರೀ ಮೊಳೆ ಬೇಡ. ಒಳಗೋಡೆಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಅಂಟಿಸಿ, ಕೊಳವೆಯ ಬಾಯಿಗೆ ಅಡ್ಡ ಬರಬಾರದು. ಬೂರುಗದ ಹತ್ತಿ ಗಂಟು ಕಟ್ಟುತ್ತದೆ.

ಕೊನೆಗೊಂದು ಪರೀಕ್ಷೆ, ಮೈಸೂರಿನವರಿಗೆ ಖರ್ಚಿಲ್ಲದ್ದು. ಬಾಸ್ ಜಾಸ್ತಿ ಇರುವ ಹಾಡು ಹಾಕಿ ಊದುಬತ್ತಿ ಹಚ್ಚಿ ಕೀಲುಗಳ ಹತ್ತಿರ ಹಿಡಿಯಿರಿ. ಹೊಗೆ ತಾಳಕ್ಕೆ ಸರಿಯಾಗಿ ಬೆದರಿದರೆ ಅಲ್ಲಿ ಸಂದಿ ಇದೆ ಅಂತ ಅರ್ಥ.

ಪ್ರಶ್ನೆ: ತಾತನ ಕಾಲದ ವಾಲ್ವ್ ರೇಡಿಯೋ ಇದೆ, ಓಡುವುದಿಲ್ಲ. ಅದರ ಮರದ ಪೆಟ್ಟಿಗೆಯೊಳಗೆ ಬ್ಲೂಟೂತ್ ಬೋರ್ಡ್ ಕೂರಿಸಿ ಹಿಂಬದಿ ಪ್ಲೈ ಹೊಡೆದು ಮುಚ್ಚಲೇ?
- ಅಗ್ರಹಾರ, ಮೈಸೂರು

ಉತ್ತರ: ಮುಚ್ಚಬೇಡಿ. ಆ ರೇಡಿಯೋಗಳ ಹಿಂದೆ ತೂತು ತೂತಿನ ರಟ್ಟಿನಂಥ ಹಲಗೆ ಇರುತ್ತಿತ್ತಲ್ಲ, ವಾಲ್ವ್ ಅನ್ನುವ ಗಾಜಿನ ಬುರುಡೆಗಳ ಬಿಸಿ ಹೊರಗೆ ಹೋಗಲಿ ಅಂತ. ಒಳಗಿದ್ದ ಸ್ಪೀಕರೂ ತೆರೆದ ಬೆನ್ನಿಗೇ ಹೊಂದುವಂಥದ್ದು. ಆ ತೆಳು ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿದರೆ ಡಬ್ಬದೊಳಗೆ ಮೂಗು ಹಿಡಿದು ಹಾಡಿದ ಹಾಗೆ ಕೇಳುತ್ತದೆ. ಹಳೆ ಸ್ಪೀಕರ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ. ಹಳೇ ಸರ್ಕ್ಯೂಟನ್ನು ಒಂದು ಸಲ ನೋಡೋಣ ಅಂತ ನೇರ ಪ್ಲಗ್ಗಿಗೆ ಹಾಕಬೇಡಿ, ಒಣಗಿದ ಕೆಪಾಸಿಟರ್ ಸಿಡಿಯುತ್ತದೆ. ಒಳಗೆ ಇನ್ನೂರು ವೋಲ್ಟಿಗೂ ಮೇಲೆ ಇರುತ್ತದೆ, ಸ್ವಿಚ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ನನ್ನನ್ನು ಕೇಳಿದರೆ ರಿಪೇರಿ ಮಾಡುವವರನ್ನು ಹುಡುಕಿ ರೇಡಿಯೋವನ್ನೇ ಓಡಿಸಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ್ದು ನಮ್ಮ ಮೈಸೂರಿನಲ್ಲಿ, ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಹೋಗಿದ್ದು ಅಲ್ಲಿಂದ. ಇಂಥ ಊರಲ್ಲಿ ಆ ಪೆಟ್ಟಿಗೆ ಬ್ಲೂಟೂತ್ ಆಗುವುದು ನನಗ್ಯಾಕೋ ಸಂಕಟ. ಪೆಟ್ಟಿಗೆ ನಿಮ್ಮದು, ನಿಮ್ಮಿಷ್ಟ.

ಪ್ರಶ್ನೆ: ಕಬ್ಬಿನ ಗದ್ದೆ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಮಳೆ ಬೀಳುತ್ತೆ ಅಂತ ದಪ್ಪ ತಗಡಿನ ಡಬ್ಬಿ ಮಾಡಿಸಿ ಒಳಗಿಟ್ಟೆ. ಈಗ ಫೋನ್ ಮಾಡಿದರೆ ಮೋಟರ್ ಆನ್ ಆಗಲ್ಲ, ಬಾಗಿಲು ತೆಗೆದಿಟ್ಟರೆ ಆಗುತ್ತೆ. ಹೋದ ವರ್ಷ ಒಳಗೆಲ್ಲ ಸುಟ್ಟು ಬೇರೆ ಹೋಗಿತ್ತು.
- ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ಡಬ್ಬಿ ಸಿಗ್ನಲನ್ನು ನುಂಗುತ್ತಿದೆ. ಸುತ್ತ ಲೋಹ ಇದ್ದರೆ ರೇಡಿಯೋ ಅಲೆ ಒಳಕ್ಕೆ ಹೋಗುವುದಿಲ್ಲ. ಮೈಕೆಲ್ ಫ್ಯಾರಡೆ ಲೋಹ ಸುತ್ತಿದ ಕೋಣೆಯೊಳಗೆ ಹೊರಗಿನ ವಿದ್ಯುತ್ತು ನುಗ್ಗುವುದಿಲ್ಲ ಅಂತ 1836ರಲ್ಲೇ ತೋರಿಸಿದ್ದ, ನೀವು ಗದ್ದೆಯಲ್ಲಿ ಅದನ್ನೇ ತೋರಿಸಿದ್ದೀರಿ. ಡಬ್ಬಿ ಬದಲಾಯಿಸಬೇಕಿಲ್ಲ. ವೈರ್ ಇರುವ ಆಂಟೆನಾ ತಂದು ಹೊರಗೆ ಅಂಟಿಸಿ, ಅಷ್ಟೆ.

ಸುಟ್ಟ ವಿಷಯಕ್ಕೆ ಬರೋಣ. ನೀವು ಕಾರಣ ಬರೆದಿಲ್ಲ, ನನ್ನ ಅನುಮಾನ ಹಲ್ಲಿ ಮೇಲೆ. ನಮ್ಮ ತೋಟದ ಸ್ಟಾರ್ಟರ್‌ನಲ್ಲಿ ಆಗಿದ್ದು ಅದೇ. ವೈರ್ ತರಲು ಡಬ್ಬಿಯ ನೆತ್ತಿಯ ಮೇಲೆ ನಾನೇ ತೂತು ಕೊರೆದಿದ್ದೆ, ಹೆಬ್ಬೆರಳು ಹೋಗುವಷ್ಟು. ಕಾಯಿಲ್ ಬೆಚ್ಚಗಿರುತ್ತದೆ, ಬೆಚ್ಚಗಿರುವ ಕಡೆ ಹುಳ, ಹುಳ ಇರುವ ಕಡೆ ಹಲ್ಲಿ. ಒಂದು ರಾತ್ರಿ ಎರಡು ಫೇಸ್ ನಡುವೆ ಮೈ ಚಾಚಿತು, 415 ವೋಲ್ಟು. ಬೆಳಿಗ್ಗೆ ಹೋದಾಗ ಹಲ್ಲಿಯೂ ಇಲ್ಲ, ಸ್ಟಾರ್ಟರೂ ಇಲ್ಲ, ಕರೀ ಮಸಿ.

ಹಾಗಾಗಿ ವೈರ್ ಎಲ್ಲ ಡಬ್ಬಿಯ ತಳದಿಂದಲೇ ಒಳಗೆ ಹೋಗಲಿ, ಪ್ರತಿ ವೈರಿಗೂ ಗ್ಲ್ಯಾಂಡ್ (ತೂತಿನಲ್ಲಿ ವೈರನ್ನು ಸುತ್ತ ಬಿಗಿಯಾಗಿ ಹಿಡಿಯುವ ಬಿರಡೆ) ಹಾಕಿ ಬಿಗಿ ಮಾಡಿ. ಒಳಗೆ ಹೋಗುವ ಮುಂಚೆ ವೈರನ್ನು ಜೋಲಿಯ ಹಾಗೆ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತನ್ನಿ, ಅದರಗುಂಟ ಬರುವ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅಂಗಡಿಯವರು ಐಪಿ 65 ಡಬ್ಬಿ ಅಂತ ಕೊಡುತ್ತಾರೆ. ಅದರಲ್ಲಿ 6 ಅಂದರೆ ಧೂಳು ಹೋಗುವುದಿಲ್ಲ, 5 ಅಂದರೆ ಪೈಪಿನಲ್ಲಿ ನೀರು ಹೊಡೆದರೂ ತಡೆಯುತ್ತದೆ. ನೀವು ಮನೆಗೆ ತಂದು ಒಂದು ತೂತು ಕೊರೆದ ಮೇಲೆ ಆ ನಂಬರಿಗೆ ಬೆಲೆ ಇಲ್ಲ.

ಇನ್ನೊಂದು ವಿಚಾರವನ್ನು ಬಹಳ ಜನ ನಂಬುವುದಿಲ್ಲ. ಬಿಗಿಯಾಗಿ ಮುಚ್ಚಿದ ಡಬ್ಬಿಯೊಳಗೂ ನೀರು ಬರುತ್ತದೆ, ಮಳೆಯಿಂದಲ್ಲ, ಗಾಳಿಯಿಂದ. ಮಧ್ಯಾಹ್ನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಸಂದಿಯಲ್ಲಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ನಾಲೆ ಬಯಲಿನ ಒದ್ದೆ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅದು ತಗಡಿನ ಮೇಲೆ ಬೆವರಾಗಿ ನಿಲ್ಲುತ್ತದೆ. ತಳದಲ್ಲಿ ಒಂದೆರಡು ಸಣ್ಣ ತೂತು ಬಿಟ್ಟು ಒಳಗಿನಿಂದ ಸೊಳ್ಳೆ ಜಾಲರಿಗಿಂತ ಸಣ್ಣ ಕಣ್ಣಿನ ತಂತಿ ಬಲೆ ಅಂಟಿಸಿ, ನೀರು ಇಳಿಯಲಿ, ಇರುವೆ ಬಾರದಿರಲಿ. ಡಬ್ಬಿಯ ನೆತ್ತಿ ಮೇಲೆ ಎರಡು ಇಂಚು ಬಿಟ್ಟು ಇನ್ನೊಂದು ತಗಡಿನ ಚಪ್ಪರ, ಬಿಳಿ ಬಣ್ಣ. ಮೋಟರ್ ಮನೆಯ ಉತ್ತರದ ಗೋಡೆಗೆ ಹಾಕಿದರೆ ಇನ್ನೂ ಒಳ್ಳೆಯದು.

ಅರ್ಥಿಂಗ್ ಮರೆಯಬೇಡಿ. ಡಬ್ಬಿಗೂ ಬಾಗಿಲಿಗೂ ಬೇರೆ ಬೇರೆ ವೈರ್ ಕೊಡಿ, ತುಕ್ಕು ಹಿಡಿದ ಕೀಲನ್ನು ನಂಬಿ ಕೂರಬಾರದು. ಈ ಕೆಲಸವನ್ನು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ, ಲೈನ್ ಗೊತ್ತಿರುವವರಿಂದ ಮಾಡಿಸಿ. ನಮ್ಮ ಕಡೆ ತ್ರೀ ಫೇಸ್ ಯಾವಾಗ ಬರುತ್ತದೆ ಅಂತ ಹೇಳುವುದು ಕಷ್ಟ.

ಪ್ರಶ್ನೆ: ಕೋಳಿ ಗೂಡಿಗೆ ಹೊಸ ಜಾಲರಿ ಹೊಡೆದರೂ ವಾರಕ್ಕೊಂದು ಕೋಳಿ ಮಾಯ. ಏನು ಮಾಡೋದು?
- ಮದ್ದೂರು

ಉತ್ತರ: ಯಾವ ಜಾಲರಿ? ಜೇನುಗೂಡಿನ ಕಣ್ಣಿನ ತೆಳು ಕೋಳಿ ಜಾಲರಿ ಇದ್ದರೆ, ಅದು ಕೋಳಿ ಹೊರಗೆ ಹೋಗದಂತೆ ತಡೆಯುವುದಕ್ಕೆ ಮಾತ್ರ. ನಾಯಿ ಕಚ್ಚಿ ಹರಿಯುತ್ತದೆ. ಅರ್ಧ ಇಂಚು ಚೌಕದ ವೆಲ್ಡ್ ಮೆಶ್ ಹಾಕಿ. ಮುಂಗುಸಿ ಬುಡದಲ್ಲಿ ತೋಡಿಕೊಂಡು ಬರುತ್ತದೆ, ಹಾಗಾಗಿ ಮೆಶ್ಶನ್ನು ನೆಲದ ಹತ್ತಿರ ಹೊರಕ್ಕೆ ಮಡಚಿ ಒಂದಡಿ ಹಾಸಿ ಮೇಲೆ ಮಣ್ಣು ಕಲ್ಲು ಹಾಕಿ. ತೋಡುವುದು ಗೋಡೆ ಬುಡದಲ್ಲೇ, ಒಂದಡಿ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕೆ ಬರುವುದಿಲ್ಲ. ಕೂರುವ ಗಳದ ಮೇಲೆ ಒಂದು ಕೋಳಿಗೆ 20 ಸೆಂಟಿಮೀಟರ್ ಜಾಗ ಬೇಕು. ಗಾಳಿಯಾಡಲು ಸೂರಿನ ಕೆಳಗೆ ಮೆಶ್ ಬಿಟ್ಟ ಕಂಡಿ ಇರಲಿ, ಕೂತ ಕೋಳಿಯ ಮೈಗೆ ನೇರ ಗಾಳಿ ಬಡಿಯದಷ್ಟು ಮೇಲೆ.

ಕೋಳಿ ಜೊತೆ ನಾಯಿಯೂ ಮಾಯವಾಗುತ್ತಿದ್ದರೆ ಕಳ್ಳ ಮುಂಗುಸಿಯಲ್ಲ. ಕಬ್ಬಿನ ಗದ್ದೆಯಲ್ಲಿ ಚಿರತೆ ಇರುವುದು ನಮ್ಮ ಕಡೆ ಹೊಸದೇನಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಗೂಡಿಗೆ ಮೇಲ್ಗಡೆಯೂ ಗಟ್ಟಿ ಮುಚ್ಚಿಗೆ ಹಾಕಿಸಿ.

ಪ್ರಶ್ನೆ: ಬಂಡೂರು ಕುರಿ ಹತ್ತು ಸಾಕಿದ್ದೇನೆ. ವಿಡಿಯೋದಲ್ಲಿ ತೋರಿಸುವ ಹಾಗೆ ಅಟ್ಟದ ಮೇಲೆ ಪಟ್ಟಿ ಹಾಸಿ ದೊಡ್ಡಿ ಮಾಡಬಹುದೇ?
- ಮಳವಳ್ಳಿ

ಉತ್ತರ: ಮಾಡಬಹುದು, ಖರ್ಚು ತಡೆದರೆ. ಪಟ್ಟಿ ಪಟ್ಟಿ ನಡುವೆ ಒಂದೂವರೆ ಸೆಂಟಿಮೀಟರ್ ಸಂದಿ ಬಿಡಿ, ಹಿಕ್ಕೆ ಬೀಳುತ್ತದೆ, ಗೊರಸು ಸಿಕ್ಕುವುದಿಲ್ಲ. ಮರಿಗಳಿಗೆ ಇನ್ನೂ ಕಮ್ಮಿ. ಬಂಡೂರು ಕುರಿ ಗಿಡ್ಡ ಕಾಲಿನದು, ಏಣಿಯಂಥ ಮೆಟ್ಟಿಲು ಬೇಡ, ಇಳಿಜಾರು ಹಲಗೆ ಇಡಿ. ದೊಡ್ಡ ಕುರಿಯೊಂದಕ್ಕೆ ಹತ್ತು ಚದರಡಿ ಲೆಕ್ಕ, ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ. ಅಟ್ಟ ಮೂರಡಿಗಾದರೂ ಎತ್ತರ ಇರಬೇಕು. ಇಲ್ಲದಿದ್ದರೆ ಕೆಳಗೆ ಗುಡಿಸುವವರು ಯಾರು?

ಗಾಳಿ ಸಾಲುತ್ತದಾ ಅಂತ ನೋಡಲು ಬೆಳಗಿನ ಜಾವ ಬಾಗಿಲು ತೆಗೆದ ಕೂಡಲೇ ಕುರಿ ಮೂಗಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಕಣ್ಣು ಉರಿದರೆ ಗೋಡೆ ಒಡೆದು ಕಿಂಡಿ ಮಾಡಿ. ನಿಂತುಕೊಂಡು ಮೂಸಿ "ವಾಸನೆ ಇಲ್ಲ" ಅನ್ನುವವರೇ ಜಾಸ್ತಿ. ಕುರಿ ರಾತ್ರಿಯೆಲ್ಲ ನಿಂತಿರುವುದಿಲ್ಲ, ಮಲಗಿರುತ್ತದೆ.

ಪ್ರಶ್ನೆ: ಮಗಳಿಗೆ ಗಿಳಿ ಬೇಕಂತೆ. ಪಂಜರ ಎಷ್ಟು ದೊಡ್ಡದಿರಬೇಕು?
- ಕುವೆಂಪುನಗರ, ಮೈಸೂರು

ಉತ್ತರ: ನಮ್ಮೂರಿನ ಹಸಿರು ಗಿಳಿಗೆ ಪಂಜರದ ಅಳತೆ ಸೊನ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸಾಕುವಂತಿಲ್ಲ. ಲವ್ ಬರ್ಡ್ಸ್ ಆದರೆ ಎತ್ತರಕ್ಕಿಂತ ಅಗಲ ಜಾಸ್ತಿ ಇರುವ ಪಂಜರ ತನ್ನಿ, ಹಕ್ಕಿ ಹಾರುವುದು ಅಡ್ಡಕ್ಕೆ, ಲಿಫ್ಟ್ ಥರ ಮೇಲಕ್ಕಲ್ಲ. ಕಂಬಿಗಳ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಸಂದಿ ಬೇಡ. ಹೊಸ ಕಲಾಯಿ ತಂತಿಯಾದರೆ ವಿನೆಗರ್ ಹಾಕಿ ಉಜ್ಜಿ ತೊಳೆಯಿರಿ, ಹಕ್ಕಿ ಕಂಬಿ ಕಡಿಯುತ್ತದೆ, ಅದರ ಸತುವು ಹೊಟ್ಟೆಗೆ ವಿಷ.

ಪ್ರಶ್ನೆ: ಗಣೇಶನ ಪೆಂಡಾಲಿನ ಹಳೇ ಹನ್ನೆರಡು ಇಂಚಿನ ಬಾಸ್ ಬಾಕ್ಸ್ ನಾಲ್ಕು ಮೂಲೆಯಲ್ಲಿ ಬಿದ್ದಿವೆ, ಕೋನ್ ಹರಿದಿದೆ. ಕೋಳಿ ಮೊಟ್ಟೆ ಇಡಲು ಬಳಸಬಹುದಾ? ತಮಾಷೆಗೆ ಕೇಳ್ತಿಲ್ಲ ಸಾರ್.
- ಕೆ.ಆರ್. ಪೇಟೆ

ಉತ್ತರ: ನಾನೂ ತಮಾಷೆಗೆ ಹೇಳುತ್ತಿಲ್ಲ, ಬಹಳ ಚೆನ್ನಾಗಿರುತ್ತದೆ. ಮೊಟ್ಟೆ ಇಡುವ ಗೂಡಿಗೆ ಉದ್ದ, ಅಗಲ, ಎತ್ತರ ಒಂದೊಂದಡಿ ಇದ್ದರೆ ಸಾಕು. ನಿಮ್ಮ ಬಾಕ್ಸ್ ಅದಕ್ಕಿಂತ ದೊಡ್ಡದೇ. ನಾಲ್ಕೈದು ಕೋಳಿಗೆ ಒಂದು ಗೂಡು ಲೆಕ್ಕ, ಅಂದರೆ ನಾಲ್ಕು ಬಾಕ್ಸಿಗೆ ಹದಿನೈದು ಇಪ್ಪತ್ತು ಕೋಳಿ. ಸ್ಪೀಕರ್ ಬಿಚ್ಚಿದ ತೂತೇ ಬಾಗಿಲು. ಒಳಗಿನ ಗ್ಲಾಸ್ ವುಲ್ಲನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೂರ್ತಿ ಕಿತ್ತುಹಾಕಿ, ಚೂಪು ಸ್ಕ್ರೂ ಹೊರಗೆ ಇಣುಕದಿರಲಿ. ಕೊಳವೆಯ ತೂತನ್ನು ಮರೆಯದೆ ಮೆಶ್ ಹೊಡೆದು ಮುಚ್ಚಿ, ಇಲಿಗೆ ಅದೇ ರಾಜಬೀದಿ. ಬಾಕ್ಸ್ ಎಂಡಿಎಫ್ ಆಗಿದ್ದರೆ ಕೋಳಿ ಗಲೀಜಿಗೆ ಒಂದು ಮಳೆಗಾಲ ಬಾಳುವುದಿಲ್ಲ, ಪ್ಲೈ ಆದರೆ ಸುಣ್ಣ ಬಳಿದು ಭತ್ತದ ಹುಲ್ಲು ಹಾಸಿ. ಮೊಟ್ಟೆ ಇಟ್ಟ ಮೇಲೆ ಕೋಳಿ ಕೂಗುತ್ತದಲ್ಲ, ಆ ಬಾಕ್ಸಿನೊಳಗಿಂದ ಅದಕ್ಕೆ ಬಾಸ್ ಬರುತ್ತದಾ ಅಂತ ಕೇಳಿ ಮರೆಯದೆ ಬರೆಯಿರಿ.